ಕುಮಿಸ್ ಕುಟ್ಟುವ ಮಹಾಯೋಜನೆ

ನಿವೃತ್ತನಾದ ಎಂಜಿನಿಯರು ಮನೆಯಲ್ಲಿ ಕೂತರೆ ಮನೆಗೇ ಅಪಾಯ ಎಂದು ನನ್ನ ಹೆಂಡತಿ ಕುಲ್ಯಾಶ್ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾಳೆ. ಇದು ಶುದ್ಧ ಸುಳ್ಳು. ಕೂತಾಗ ನಾನು ಬಹಳ ಸಾಧು. ಅಪಾಯ ಶುರುವಾಗುವುದು ನಾನು ಎದ್ದಾಗ.

ಹುಲ್ಲುಗಾವಲಿನ ನಟ್ಟನಡುವೆ ರಾಕೆಟ್ ಹಾರಿಸುವ ಊರಿನಲ್ಲಿ ಜೀವಮಾನವೆಲ್ಲ ದುಡಿದವನು ನಾನು. ಹಾಗೆಂದು ರಾಕೆಟ್ಟನ್ನು ನಾನೇ ಹಾರಿಸುತ್ತಿರಲಿಲ್ಲ (ಹಾರಿಸುತ್ತಿದ್ದೆ ಎಂದು ಬೀಗರಿಗೆ ಮಾತ್ರ ಹೇಳಿದ್ದೇನೆ, ಅದು ನಮ್ಮ ನಿಮ್ಮಲ್ಲೇ ಇರಲಿ). ಕೆಲಸ ಹಂತ ಹಂತವಾಗಿ ಮುಂದಕ್ಕೆ ಹೋಗುವಂತೆ ನೋಡಿಕೊಳ್ಳುವುದು ನನ್ನ ಉದ್ಯೋಗ. ಹೊರಗಿನವರಿಗೆ ರಾಕೆಟ್ ಎಂದರೆ ಬೆಂಕಿ, ಹೊಗೆ, ಚಪ್ಪಾಳೆ. ಒಳಗಿನ ಮರ್ಮ ನಮಗೆ ಗೊತ್ತು. ಮೊದಲು ಇದು ಯಾಕೆ ಬೇಕು ಎಂದು ಯೋಚಿಸಬೇಕು. ಹೇಗಿರಬೇಕು ಎಂದು ಬಳಸುವವರನ್ನು ಕೇಳಬೇಕು. ಚಿತ್ರ ಬರೆದು, ನಾಲ್ಕು ಜನರ ಮುಂದಿಟ್ಟು ಬೈಸಿಕೊಳ್ಳಬೇಕು. ಆಮೇಲೆ ಬಿಡಿಬಿಡಿಯಾಗಿ ಮಾಡಿ, ಜೋಡಿಸಿ, ಪರೀಕ್ಷಿಸಿ, ಬಳಕೆಗೆ ಬಿಟ್ಟು, ಹಳತಾದ ಮೇಲೆ ಮರ್ಯಾದೆಯಿಂದ ಬೀಳ್ಕೊಡಬೇಕು. ಮನುಷ್ಯನಿಗಿದ್ದಂತೆ ಯಂತ್ರಕ್ಕೂ ಒಂದು ಜೀವನಚಕ್ರ ಇದೆ. ಹೆಂಡತಿಗೆ ಇದನ್ನು ವಿವರಿಸಿದಾಗ, "ಮದುವೆಗೂ ಹೀಗೇನಾ? ನಾವೀಗ ಯಾವ ಹಂತದಲ್ಲಿದೀವಿ?" ಎಂದಳು. "ಬಳಕೆ ಮತ್ತು ದುರಸ್ತಿ" ಎಂದೆ. ಆ ದಿನ ನನ್ನ ಬಟ್ಟಲಿನ ಸಾರಿನಲ್ಲಿ ಮಾಂಸವೇ ಇರಲಿಲ್ಲ.

ನಿವೃತ್ತಿಯ ಮೇಲೆ ನಾವು ಕರಗಾಂದಾ ಪಟ್ಟಣದಾಚೆಯ ನಮ್ಮ ಹಳ್ಳಿಗೆ ಬಂದು ನೆಲೆಸಿದೆವು. ಅಂಗಳದಲ್ಲಿ ಎರಡು ಸೇಬಿನ ಮರ, ಮೂರು ಹೆಣ್ಣು ಕುದುರೆ, ಅವುಗಳ ಮರಿಗಳು. ಕುದುರೆ ಇದ್ದ ಮೇಲೆ ಕುಮಿಸ್ ಎಂಬ ಹುಳಿ ಪಾನೀಯ ಮಾಡದಿದ್ದರೆ ಊರವರು ಉಗಿಯುತ್ತಾರೆ. ಕುಮಿಸ್ ಎಂದರೆ ಸುಲಭದ ಮಾತಲ್ಲ. ಹಗಲೆಲ್ಲ ಕುದುರೆಯ ಹಾಲು ಕರೆಯಬೇಕು, ಹೊಗೆ ಹಿಡಿಸಿದ ಮರದ ಪೀಪಾಯಿಗೆ ಸುರಿಯಬೇಕು, ಹುಳಿ ಬರುವತನಕ ಉದ್ದನೆಯ ಕೋಲಿನಿಂದ ಕುಟ್ಟುತ್ತಲೇ ಇರಬೇಕು. ಕುಲ್ಯಾಶ್ ಕುಟ್ಟುತ್ತಿದ್ದಳು. ನಾನು ಪಕ್ಕದಲ್ಲಿ ಚಹಾ ಕುಡಿಯುತ್ತ ನೈತಿಕ ಬೆಂಬಲ ನೀಡುತ್ತಿದ್ದೆ.

ಜೂನ್ ತಿಂಗಳ ಒಂದು ಬೆಳಿಗ್ಗೆ ಅವಳು ಕೋಲನ್ನು ಪೀಪಾಯಿಯಲ್ಲೇ ಬಿಟ್ಟು ಕೂತುಬಿಟ್ಟಳು.

"ಯಜಮಾನ್ರೇ, ನನ್ನ ಭುಜ ಬಿದ್ದುಹೋಯ್ತು. ಬೀಗರು ಬರೋ ಹೊತ್ತಿಗೆ ಇದು ಮುಗಿದ ಹಾಗೇ."

ಇಲ್ಲಿ ನಮ್ಮ ಬೀಗರ ವಿಷಯ ಹೇಳಲೇಬೇಕು. ಮಗಳು ಮೊಲ್ದಿರ್ ಹೋದ ಚಳಿಗಾಲದಲ್ಲಿ ಮದುವೆಯಾಗಿ ಕರ್ಕರಾಲಿ ಬೆಟ್ಟದ ಕಡೆ ಅತ್ತೆಮನೆ ಸೇರಿದಳು. ಆ ಕಡೆಯವರು ಕುಮಿಸಿನಲ್ಲಿ ಹುಟ್ಟಿ ಕುಮಿಸಿನಲ್ಲಿ ಬೆಳೆದವರು. ಬೀಗ ಒಮಿರ್ತಾಯ್ ಒಂದು ಗುಟುಕು ಬಾಯಿಗೆ ಹಾಕಿಕೊಂಡರೆ ಕುದುರೆ ಯಾವ ಗುಡ್ಡದ ಹುಲ್ಲು ಮೇಯ್ದಿತ್ತು, ಆ ದಿನ ಅದರ ಮನಸ್ಸು ಹೇಗಿತ್ತು ಎಂದೆಲ್ಲ ಹೇಳುತ್ತಾರಂತೆ. ಮದುವೆಯಾದ ಮೇಲೆ ಅವರು ನಮ್ಮ ಮನೆಗೆ ಮೊದಲ ಸಲ ಬರುವವರಿದ್ದರು. ಕುಮಿಸ್ ಕೆಟ್ಟರೆ ಅವರು ನಮ್ಮನ್ನೇನೂ ಅನ್ನುವುದಿಲ್ಲ, ದೊಡ್ಡವರು. ಆದರೆ ಆ ಮನೆಯಲ್ಲಿ ಮೊಲ್ದಿರ್ ಕೈಯಿಂದ ಒಂದು ಬಟ್ಟಲು ತುಳುಕಿದರೂ ಸಾಕು, "ಪಾಪ, ಅವಳ ತೌರಲ್ಲಿ ಕುಮಿಸೇ ಹಾಗಿತ್ತಲ್ಲ" ಎಂಬ ಮಾತು ಅವಳಿಗೆ ಮೊಮ್ಮಕ್ಕಳಾಗುವವರೆಗೂ ತಪ್ಪುವುದಿಲ್ಲ. ನನಗೂ ಇದರ ಭಯವಿತ್ತು. ಒಬ್ಬಳೇ ಮಗಳು.

"ನೀನು ಕುಟ್ಟೋದು ಬೇಡ" ಎಂದೆ.

"ಅಯ್ಯೋ, ನೀವು ಕುಟ್ತೀರಾ?" ಎಂದಳು. ಅವಳ ಮುಖ ಹೂವಾಯಿತು.

"ನಾನಲ್ಲ. ಯಂತ್ರ ಕುಟ್ಟುತ್ತೆ."

ಹೂವು ಬಾಡಿತು. ಆದರೆ ನಾನು ಆಗಲೇ ಎದ್ದಾಗಿತ್ತು.

ಯಾಕೆ ಬೇಕು ಎಂಬುದು ಇತ್ಯರ್ಥವಾಗಿತ್ತು: ಹೆಂಡತಿಯ ಭುಜ, ಮಗಳ ಮಾನ. ಮುಂದಿನದು ಹೇಗಿರಬೇಕು ಎಂದು ಬಳಸುವವರನ್ನು ಕೇಳುವ ಹಂತ. ಕನ್ನಡಕ ಏರಿಸಿ, ಪೆನ್ನು ಹಿಡಿದು ಅವಳೆದುರು ಕೂತೆ. ಅವಳು ನೂಡಲ್ಸಿಗೆ ಹಿಟ್ಟು ಲಟ್ಟಿಸುತ್ತಿದ್ದಳು.

"ನಿಮಿಷಕ್ಕೆ ಎಷ್ಟು ಏಟು?"

"ಯಾರಿಗೆ?"

"ಪೀಪಾಯಿಗೆ ಕಣೇ."

"ನಾನೇನು ಎಣಿಸ್ಕೊಂಡು ಕುಟ್ತೀನಾ? ಕೈಗೇ ಗೊತ್ತಾಗುತ್ತೆ."

"ಕೈಗೆ ಗೊತ್ತಾಗುತ್ತೆ ಅಂತ ಬರೆಯೋಕಾಗಲ್ಲ. ಹೋಗಲಿ, ಕುಟ್ಟಿದ್ದು ಸಾಕು ಅಂತ ಹೇಗೆ ತಿಳಿಯುತ್ತೆ?"

"ಸದ್ದು ಬದಲಾಗುತ್ತೆ."

"ಹೇಗೆ ಬದಲಾಗುತ್ತೆ?"

ಅವಳು ಲಟ್ಟಣಿಗೆ ನಿಲ್ಲಿಸಿ ಯೋಚಿಸಿದಳು. "ಮೊದಲು ಹಾಲು ಗೊಣಗುತ್ತೆ. ಆಮೇಲೆ ನಗುತ್ತೆ."

ನಾನು ರಾಕೆಟ್ ಮಟ್ಟದ ವಿಜ್ಞಾನಿಗಳನ್ನು ಪ್ರಶ್ನೆ ಕೇಳಿದವನು, ಇಂಥ ಉತ್ತರ ಯಾವತ್ತೂ ಬಂದಿರಲಿಲ್ಲ. ಅದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಬರೆದುಕೊಂಡೆ. ಮಿಕ್ಕದ್ದು ಎಂದರೆ ಪೀಪಾಯಿಯ ಎತ್ತರ.

ವಿನ್ಯಾಸ ಅಮೋಘವಾಗಿ ಬಂತು. ಹಳೆಯ ಬಟ್ಟೆ ಒಗೆಯುವ ಯಂತ್ರದ ಮೋಟಾರು, ಟ್ರ್ಯಾಕ್ಟರಿನ ಒಂದು ಚೈನು, ಸೈಕಲ್ಲಿನ ಹಲ್ಲುಚಕ್ರ, ಕಬ್ಬಿಣದ ಮಂಚದ ಕಾಲುಗಳು. (ಮಂಚದಲ್ಲಿ ನಾವು ಆಗ ಮಲಗುತ್ತಿದ್ದೆವು ಎಂಬುದು ನಿಜ. ಆದರೆ ನೆಲದ ಮೇಲೆ ಮಲಗುವುದು ನಮ್ಮ ಹಿರಿಯರ ಪದ್ಧತಿ, ಬೆನ್ನಿಗೂ ಒಳ್ಳೆಯದು.) ಚಿತ್ರವನ್ನು ಗೋಡೆಗೆ ಅಂಟಿಸಿ ಪರಿಶೀಲನಾ ಸಭೆ ಕರೆದೆ. ಸಭೆಗೆ ಹಾಜರಾದವರು: ಕುಲ್ಯಾಶ್. ಅವಳು ಚಿತ್ರವನ್ನು ಮೇಲಿಂದ ಕೆಳಗೆ ನೋಡಿದಳು.

"ಇದನ್ನ ತೊಳೆಯೋದು ಹೇಗೆ?"

"ಅದು ಬಳಕೆಯ ಹಂತದ ಪ್ರಶ್ನೆ. ಈಗ ಕೇಳೋ ಹಾಗಿಲ್ಲ."

"ತೊಳೆಯೋರು ಯಾರು?"

"ಚಾಲಕರು."

"ಚಾಲಕರು ಅಂದ್ರೆ?"

ನಾನು ಚಹಾ ಕೇಳಿದೆ. ಅವಳು ಚಹಾ ಕೊಡಲಿಲ್ಲ. ಆದರೂ "ಆಯ್ತು ಮಾಡಿ, ಬೇಡ ಅಂದ್ರೆ ಬಿಡ್ತೀರಾ" ಎಂದಳು. ನಾನು ಇದನ್ನು ಸಭೆಯ ಸರ್ವಾನುಮತದ ಒಪ್ಪಿಗೆ ಎಂದು ಬರೆದುಕೊಂಡೆ.

ಬಿಡಿಭಾಗಗಳ ಪರೀಕ್ಷೆಯಲ್ಲಿ ಎಲ್ಲವೂ ಪಾಸಾದವು. ಮೋಟಾರು ತಿರುಗಿತು, ಚೈನು ಓಡಿತು, ಕೋಲು ಮೇಲೆ ಕೆಳಗೆ ಹೋಯಿತು, ಪೀಪಾಯಿ ಪೀಪಾಯಿಯಂತೆ ನಿಂತಿತ್ತು. ಸಂಸಾರದಲ್ಲಿ ಒಬ್ಬೊಬ್ಬರೂ ಒಳ್ಳೆಯವರೇ, ಒಟ್ಟಿಗೆ ಕೂಡಿಹಾಕಿದಾಗ ತಾನೇ ಗೊತ್ತಾಗುವುದು. ಎಲ್ಲವನ್ನೂ ಜೋಡಿಸಿ, ನೀರು ತುಂಬಿಸಿ, ಸ್ವಿಚ್ಚು ಒತ್ತಿದೆ. ಯಂತ್ರ ಒಮ್ಮೆ ನಡುಗಿತು, ಆಮೇಲೆ ನಡೆಯತೊಡಗಿತು. ನೀವು ಸರಿಯಾಗಿಯೇ ಓದಿದಿರಿ, ನಡೆಯತೊಡಗಿತು. ಮಂಚದ ನಾಲ್ಕು ಕಾಲಿನ ಮೇಲೆ ಧಡ್ ಧಡ್ ಎಂದು ಕುಪ್ಪಳಿಸುತ್ತ ಅಂಗಳ ದಾಟಿ, ಕೋಳಿಗಳನ್ನು ಬೇಲಿಯಾಚೆ ಕಳಿಸಿ, ನಮ್ಮ ನಾಯಿಯನ್ನು ಗೇಟಿನವರೆಗೆ ಅಟ್ಟಿಸಿಕೊಂಡು ಹೋಯಿತು. ತಂತಿ ಕಿತ್ತುಬಂದದ್ದಕ್ಕೆ ನಾಯಿ ಉಳಿಯಿತು. ಆ ಬಡಪ್ರಾಣಿ ಪೀಪಾಯಿ ಕಂಡರೆ ಇವತ್ತಿಗೂ ಬಾಲ ಮುದುರುತ್ತದೆ.

"ರಾಕೆಟ್ಟೇ ವಾಸಿ" ಎಂದಳು ಕುಲ್ಯಾಶ್. "ಅದು ಮೇಲಕ್ಕಾದ್ರೂ ಹೋಗುತ್ತೆ."

ಚಿಕ್ಕಪುಟ್ಟ ತೊಡಕಿಗೆ ಎದೆಗುಂದುವವನು ನಾನಲ್ಲ. ಯಂತ್ರವನ್ನು ಸೇಬಿನ ಮರಕ್ಕೆ ಸರಪಳಿಯಿಂದ ಬಿಗಿದೆ. ಹಾಲು ತುಂಬಿಸಿ ಕುಟ್ಟಿಸಿದೆ. ಮರ ಗಡಗಡ ನಡುಗಿ ಸೇಬಿನ ಈಚುಗಳೆಲ್ಲ ಉದುರಿದವು, ಆದರೆ ಯಂತ್ರ ಜಾಗ ಬಿಟ್ಟು ಕದಲಲಿಲ್ಲ. ಮೊದಲ ಬಟ್ಟಲನ್ನು ಹೆಂಡತಿಗೆ ಕೊಟ್ಟೆ. ಅವಳು ಕುಡಿದು, ಬಟ್ಟಲನ್ನು ಕೆಳಗಿಟ್ಟು, ಬಾಯಿ ಒರೆಸಿಕೊಂಡಳು.

"ಹೇಗಿದೆ?"

"ಹಾಲು ಬಸ್ಸಲ್ಲಿ ಬಂದ ಹಾಗಿದೆ. ಗ್ರೀಸ್ ವಾಸನೆ ಬೇರೆ. ಕುದುರೆಗಳೂ ಈ ಸದ್ದಿಗೆ ಹೆದರಿ ಹಾಲು ಇಳಿಸ್ತಾ ಇಲ್ಲ ಕಣ್ರೀ. ಬೆಳಿಗ್ಗೆಯಿಂದ ಅರ್ಧ ಚೊಂಬೂ ಆಗಿಲ್ಲ."

ನಾನು ಕುಡಿದು ನೋಡಿದೆ. ನನಗೇನೋ ಅಮೃತದಂತಿತ್ತು (ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನೀವು ಗೊಣಗುವುದು ಕೇಳಿಸುತ್ತಿದೆ). "ನೋಡು, ಸಭೆಯಲ್ಲಿ ಒಪ್ಪಿಗೆ ಕೊಟ್ಟ ಮೇಲೆ ಬದಲಾವಣೆ ಕೇಳಬೇಕಾದ್ರೆ ಅದಕ್ಕೊಂದು ಕ್ರಮ ಇದೆ" ಎಂದೆ. "ಮೊದಲು ಅರ್ಜಿ ಬರಬೇಕು. ನಾನು ಪರಿಶೀಲಿಸಬೇಕು. ಬೀಗರು ಬಂದುಹೋದ ಮೇಲೆ ನೋಡೋಣ."

"ಬೀಗರಿಗೆ ಇದನ್ನೇ ಕುಡಿಸ್ತೀರಾ?"

"ಇದನ್ನೇ. ಯಂತ್ರವನ್ನೂ ತೋರಿಸ್ತೀನಿ."

"ಮೊಲ್ದಿರ್ ಗತಿ?"

"ಅಪ್ಪ ಇಂಥ ಯಂತ್ರ ಮಾಡಿದಾನೆ ಅಂತ ತಲೆ ಎತ್ತಿಕೊಂಡು ಓಡಾಡ್ತಾಳೆ."

ಕುಲ್ಯಾಶ್ ಮತ್ತೆ ಮಾತಾಡಲಿಲ್ಲ. ಹೆಂಡತಿ ಸುಮ್ಮನಾದಳೆಂದರೆ ಸೋತಳು ಎಂದು ಮದುವೆಯಾದಂದಿನಿಂದ ನಂಬಿಕೊಂಡು ಬಂದಿದ್ದೇನೆ. ಹೊಸ ಗಂಡಂದಿರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಈ ನಂಬಿಕೆಯನ್ನು ಇಟ್ಟುಕೊಳ್ಳಬೇಡಿ.

ಬೀಗರು ಬರಲು ಇನ್ನೇನು ಕೆಲವೇ ದಿನ ಇರುವಾಗ ಗೇಟಿನ ಮುಂದೆ ಒಂದು ಲಾರಿ ಬಂದು ನಿಂತಿತು. ಅದರಿಂದ ಇಳಿದವನನ್ನು ಕಂಡು ನನ್ನ ಎದೆ ಧಸಕ್ಕೆಂದಿತು. ನನ್ನ ಅಕ್ಕನ ಮಗ ಜೋಲ್ದಿಬಾಯ್. ವಯಸ್ಸು ಐವತ್ತರ ಹತ್ತಿರ, ಹೊಟ್ಟೆ ಲಾರಿಯ ಸ್ಟೀರಿಂಗಿಗೆ ತಾಗುವಷ್ಟು.

ಸೋದರಳಿಯ ಬಂದರೆ ನಿಮಗೆ ಖುಷಿಯಾಗಬಹುದು. ನಮ್ಮಲ್ಲಿ ಗಾದೆಯೇ ಇದೆ: ಸೋದರಳಿಯ ಬರುವುದಕ್ಕಿಂತ ಏಳು ತೋಳ ಬರಲಿ. ಯಾಕೆಂದರೆ ಸೋದರಳಿಯನಿಗೆ ತಾಯಿಯ ತೌರಿನಲ್ಲಿ ಮೂರು ವಸ್ತುಗಳ ಮೇಲೆ ಹಕ್ಕು. ಅವನು ಬಾಯಿಬಿಟ್ಟು ಇದು ಬೇಕು ಎಂದರೆ ಮುಗಿಯಿತು, ಕೊಡಬೇಕು. ಕುದುರೆಯಾದರೂ ಸರಿ, ಬೇಟೆನಾಯಿಯಾದರೂ ಸರಿ. ಇಲ್ಲ ಎಂದವನನ್ನು ಬಂಧುಬಳಗ ಮನುಷ್ಯರ ಲೆಕ್ಕದಿಂದಲೇ ತೆಗೆದುಹಾಕುತ್ತದೆ. ಸಿಟ್ಟು ಬಂತೆಂದು ಅವನ ಮೇಲೆ ಕೈ ಎತ್ತುವಂತೆಯೂ ಇಲ್ಲ, ಎತ್ತಿದ ಕೈ ಜೀವಮಾನವೆಲ್ಲ ನಡುಗುತ್ತದಂತೆ. ಇವನು ಇಷ್ಟು ವರ್ಷದಲ್ಲಿ ಏನನ್ನೂ ಕೇಳಿರಲಿಲ್ಲ. ಮೂರಕ್ಕೆ ಮೂರೂ ಬಾಕಿ.

ಅವನು ಕೈ ತೊಳೆಯುವಷ್ಟರಲ್ಲಿ ನಾನು ಅಪ್ಪನ ಕಾಲದ ಬೆಳ್ಳಿ ಕಟ್ಟಿನ ಜೀನನ್ನು ಹಾಸಿಗೆಯ ರಾಶಿಯ ಕೆಳಗೆ ತುರುಕಿದೆ. ಚಹಾ ಕಾಯಿಸುವ ಹಿತ್ತಾಳೆಯ ಸಮೋವರನ್ನು ಸ್ನಾನದ ಮನೆಯಲ್ಲಿ ಬಚ್ಚಿಟ್ಟೆ. ಟೀವಿಯ ಮೇಲೆ ಕಂಬಳಿ ಹೊದಿಸಿದೆ. ಯಂತ್ರವನ್ನು ಮಾತ್ರ ಮುಚ್ಚಲಿಲ್ಲ. ಮುಚ್ಚಿಡುವುದಿರಲಿ, ಊಟವಾದ ಕೂಡಲೇ ಅವನನ್ನು ಕೈಹಿಡಿದು ಸೇಬಿನ ಮರದ ಹತ್ತಿರ ಕರೆದುಕೊಂಡು ಹೋದೆ. ನೋಡಿ ಹೊಗಳಲು ಒಬ್ಬ ಹೊಸ ಮನುಷ್ಯ ಸಿಕ್ಕಿದಾಗ ಬಿಡುವಷ್ಟು ವೈರಾಗ್ಯ ನನಗೆ ಬಂದಿಲ್ಲ.

ವಿನ್ಯಾಸದಿಂದ ಹಿಡಿದು ಜೋಡಣೆಯವರೆಗೆ ಎಲ್ಲ ವಿವರಿಸಿದೆ. ಅವನು ಆಕಳಿಸುತ್ತ ಕೇಳಿದ. ಆಮೇಲೆ ಒಮ್ಮೆ ಬಾಗಿಲಲ್ಲಿ ನಿಂತಿದ್ದ ಕುಲ್ಯಾಶ್ ಕಡೆ ನೋಡಿ, ಟೋಪಿ ತೆಗೆದು, ಪಾಠ ಒಪ್ಪಿಸುವವನ ಹಾಗೆ ಹೇಳಿದ:

"ಮಾವ, ನಂಗೆ ಈ... ಏನಿದರ ಹೆಸರು... ಇದು ಬೇಕು."

ನಾನು ಯಂತ್ರಕ್ಕೆ ಅಡ್ಡ ನಿಂತೆ. "ಹೆಸರೇ ಗೊತ್ತಿಲ್ವಲ್ಲೋ ನಿಂಗೆ!"

"ಹೆಸರು ಗೊತ್ತಿಲ್ಲದ್ದರ ಮೇಲೇ ಆಸೆ ಜಾಸ್ತಿ, ಮಾವ."

"ಲೋ, ನಿನ್ನ ಮನೇಲಿ ಒಂದು ಕುದುರೇನೂ ಇಲ್ಲ. ಏನ್ ಕುಟ್ತೀಯ?"

"ಏನಾದ್ರೂ ಕುಟ್ತೀನಿ."

"ಬೆಳ್ಳಿ ಜೀನು ಕೊಡ್ತೀನಿ. ನಿನ್ನ ತಾತನದು. ಹಾಸಿಗೆ ಕೆಳಗಿದೆ."

"ಬೇಡ ಮಾವ."

"ಆ ಕೆಂಪು ಕುದುರೆಮರಿ ತಗೊಂಡ್ಹೋಗೋ!"

ಜೋಲ್ದಿಬಾಯ್ ಕುದುರೆಮರಿಯ ಕಡೆ ನೋಡಿದ. ಅತ್ತೆಯ ಕಡೆ ನೋಡಿದ. ಎಂಜಲು ನುಂಗಿದ. "ಬೇಡ ಮಾವ, ಇದೇ ಬೇಕು" ಎಂದ. ಕುದುರೆಮರಿಯನ್ನು ಬಿಟ್ಟು ನನ್ನ ಯಂತ್ರವನ್ನು ಆರಿಸಿಕೊಂಡನಲ್ಲ ಎಂದು ದುಃಖದ ನಡುವೆಯೂ ನನಗೆ ಕಣ್ಣು ತುಂಬಿ ಬಂತು. ನಮ್ಮ ವಂಶದಲ್ಲಿ ತಂತ್ರಜ್ಞಾನದ ಬೆಲೆ ತಿಳಿದವನು ಇವನೊಬ್ಬನಾದರೂ ಇದ್ದಾನೆ ಎಂದುಕೊಂಡೆ. ಯೋಜನೆ ಶುರುಮಾಡುವಾಗ ಬರಬಹುದಾದ ಅಪಾಯಗಳನ್ನೆಲ್ಲ ಊಹಿಸಿದ್ದೆ: ಕರೆಂಟು ಹೋಗುವುದು, ಚೈನು ಹರಿಯುವುದು, ಬೆಂಕಿ, ಸಿಡಿಲು. ಸೋದರಳಿಯನನ್ನು ಊಹಿಸಿರಲಿಲ್ಲ. ಪೀಪಾಯಿಯನ್ನು ಬಿಟ್ಟು ಯಂತ್ರವನ್ನಷ್ಟೇ ಹೇರಿಕೊಂಡು ಲಾರಿ ಧೂಳೆಬ್ಬಿಸಿ ಹೋಯಿತು. ನಾಯಿ ಬೇಲಿಯಾಚೆಯಿಂದ ಮೆಲ್ಲಗೆ ವಾಪಸ್ಸು ಬಂತು.

"ಈಗ ಯಾರು ಕುಟ್ಟೋದು?" ಎಂದೆ, ಸೇಬಿನ ಮರಕ್ಕೆ ಒರಗಿ.

"ನನ್ನ ಭುಜ ನೋಡಿದ್ರಲ್ಲ" ಎಂದಳು ಕುಲ್ಯಾಶ್. ಪೀಪಾಯಿಯನ್ನು ತಿಕ್ಕಿ ತೊಳೆದು, ಹೊಸದಾಗಿ ಹೊಗೆ ಹಿಡಿಸಿ, ಕೋಲು ತಂದು ನನ್ನ ಕೈಗೆ ಕೊಟ್ಟಳು.

ಮಗಳ ಮುಖ ನೆನೆಸಿಕೊಂಡು ಕುಟ್ಟಿದೆ. ಅವಳು ಮೋಟುಕುರ್ಚಿ ಹಾಕಿಕೊಂಡು ಪಕ್ಕದಲ್ಲಿ ಕೂತಳು. ಚಹಾ ಈಗ ಅವಳ ಕೈಯಲ್ಲಿ.

"ಹಾಗೆ ಬಡೀಬೇಡ್ರೀ. ಅದು ಹಾಲು, ನಿಮ್ಮ ಮೇಲಧಿಕಾರಿ ಅಲ್ಲ."

"ಹೀಗಾ?"

"ಹೂಂ, ತಳ ಮುಟ್ಟಿಸಿ, ಎತ್ತಿ. ಉಸಿರು ಬಿಡೋಕೆ ಬಿಡಿ ಅದಕ್ಕೆ."

"ನಂಗೂ ಉಸಿರು ಬಿಡೋಕೆ ಬಿಡೇ."

ಅಂಗೈ ಬೊಬ್ಬೆ ಎದ್ದಿತು. ಸೊಂಟ ಹಿಡಿಯಿತು. ಆದರೆ ಕುದುರೆಗಳು ಹೆದರಿಕೆ ಬಿಟ್ಟು ಧಾರಾಳವಾಗಿ ಹಾಲು ಇಳಿಸತೊಡಗಿದವು. ಕುಟ್ಟುತ್ತ ಕುಟ್ಟುತ್ತ ಅವಳು ಮೊಲ್ದಿರ್ ಚಿಕ್ಕವಳಿದ್ದಾಗಿನ ಮಾತು ತೆಗೆದಳು, ನಾನು ಊರು ಬಿಟ್ಟು ತಿಂಗಳುಗಟ್ಟಲೆ ರಾಕೆಟ್ಟಿನ ಹಿಂದೆ ಇರುತ್ತಿದ್ದಾಗ ಇಲ್ಲಿ ಏನೇನಾಗುತ್ತಿತ್ತು ಎಂಬ ಮಾತು. ನನಗೆ ಗೊತ್ತೇ ಇಲ್ಲದ ಎಷ್ಟೋ ಸಂಗತಿಗಳಿದ್ದವು. ಬೀಗರು ಬರುವ ಹಿಂದಿನ ದಿನ ಸಂಜೆ ಅವಳು ಏನೋ ಹೇಳುತ್ತಿದ್ದವಳು ಥಟ್ಟನೆ ನಿಲ್ಲಿಸಿ ಕೈ ಎತ್ತಿದಳು. ನನಗೂ ಕೇಳಿಸಿತು. ಪೀಪಾಯಿಯೊಳಗೆ ಹಾಲು ನಗುತ್ತಿತ್ತು. ನಿಜವಾಗಿ ಹೇಳುತ್ತೇನೆ, ರಾಕೆಟ್ ಹಾರಿದಾಗಲೂ ನನಗೆ ಅಷ್ಟು ಸಂತೋಷ ಆಗಿರಲಿಲ್ಲ.

ಕುದುರೆಗಳನ್ನು ನೋಡಿಕೊಳ್ಳಲು ಮೊಲ್ದಿರಳನ್ನು ಊರಲ್ಲೇ ಬಿಟ್ಟು ಬೀಗರು ಬಂದರು. ಎಲ್ಲಿ ಊಟವೋ ಅಲ್ಲಿ ತಾನು ಎಂಬಂತೆ ಜೋಲ್ದಿಬಾಯನೂ ಲಾರಿ ಸಮೇತ ಬಂದ. ಒಮಿರ್ತಾಯ್ ಬಟ್ಟಲು ಎತ್ತಿ ಒಂದು ಗುಟುಕು ಕುಡಿದರು, ಕಣ್ಣು ಮುಚ್ಚಿದರು. ಕುಲ್ಯಾಶ್ ನನ್ನ ಅಂಗಿಯ ತುದಿ ಹಿಡಿದುಕೊಂಡಳು. ಒಮಿರ್ತಾಯ್ ಬಟ್ಟಲನ್ನು ಬರಿದು ಮಾಡಿ, ಮತ್ತೆ ಮುಂದೆ ಚಾಚಿದರು.

"ನಮ್ಮ ಸೊಸೆ ಕೈಗುಣ ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತು" ಎಂದರು. "ಬೀಗಿತಿ, ಎಂಥಾ ಕೈ ನಿಮ್ಮದು!"

"ನನ್ನದಲ್ಲ ಬೀಗರೇ. ಕುಟ್ಟಿದ್ದೆಲ್ಲ ನಮ್ಮ ಯಜಮಾನ್ರೇ."

ಬೀಗಿತಿ ನಗಿಮಾ ಬಾಯಿಗೆ ಎತ್ತಿದ್ದ ಮಾಂಸವನ್ನು ತಟ್ಟೆಗೆ ಇಳಿಸಿದರು. ನನ್ನ ಬೊಬ್ಬೆ ಎದ್ದ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಗಂಡನ ಅಂಗೈ ನೋಡಿದರು.

"ನೋಡಿದ್ರಾ? ರಾಕೆಟ್ ಹಾರಿಸಿದ ಮನುಷ್ಯ! ಅವರು ಹೆಂಡತಿಗೋಸ್ಕರ ಕುಮಿಸ್ ಕುಟ್ತಾರೆ. ನಿಮಗೇನು ಬಂದಿದೆ ದಾಡಿ? ಊರಿಗೆ ಹೋದ ತಕ್ಷಣ ಕೋಲು ಹಿಡಿಯೋದು ನೀವೇ."

ಊಟವಾದ ಮೇಲೆ ಒಮಿರ್ತಾಯ್ ನನ್ನ ಹಿಂದೆಯೇ ಅಂಗಳಕ್ಕೆ ಬಂದರು. ಮುಖ ಸುಟ್ಟ ಬದನೆಕಾಯಿಯಂತಾಗಿತ್ತು.

"ನನ್ನ ಮನೆ ಹಾಳುಮಾಡಿಬಿಟ್ರಲ್ಲ ಬೀಗರೇ. ನಮ್ಮಲ್ಲಿ ಹದಿನೆಂಟು ಕುದುರೆ ಇವೆ!"

ನನ್ನ ಎದೆ ಉಬ್ಬಿತು. "ಅದಕ್ಕೊಂದು ಯಂತ್ರ ಮಾಡಿದ್ದೆ ಬೀಗರೇ. ಸ್ವಿಚ್ಚು ಒತ್ತಿದ್ರೆ ಸಾಕು. ಏನ್ ಮಾಡ್ಲಿ, ಸೋದರಳಿಯ ಕೇಳಿ ತಗೊಂಡುಹೋದ."

"ಎಲ್ಲಿದೆ ಈಗ?"

"ಲಾರೀಲೇ ಇದೆ!" ಎಂದ ಜೋಲ್ದಿಬಾಯ್, ಎಲ್ಲಿಂದಲೋ ಪ್ರತ್ಯಕ್ಷನಾಗಿ. "ತಗೊಳ್ಳಿ, ತಗೊಳ್ಳಿ. ನಾನೇ ನಿಮ್ಮೂರಿಗೆ ತಂದು ಇಳಿಸ್ತೀನಿ."

ಅವನು ಅದನ್ನು ಮನೆಗೆ ಇಳಿಸಿಯೂ ಇರಲಿಲ್ಲವಲ್ಲ ಎಂದು ಒಂದು ಗಳಿಗೆ ಅನ್ನಿಸಿತು. ಆದರೆ ಹೆಮ್ಮೆಯಲ್ಲಿ ಮರೆತೆ. ಕುಮಿಸಿನ ಮಹಾಜ್ಞಾನಿಯೊಬ್ಬರು ನನ್ನ ಯಂತ್ರವನ್ನು ಕೈಮುಗಿದು ಕೇಳುತ್ತಿದ್ದರು! ಹೇಗೆ ಬಿಗಿಯಬೇಕು, ಎಂಥ ಮರಕ್ಕೆ ಕಟ್ಟಬೇಕು ಎಂದೆಲ್ಲ ಲಾರಿ ಹೊರಡುವವರೆಗೂ ಅವರಿಗೆ ಪಾಠ ಹೇಳಿದೆ. ಬೀಗರು ನನ್ನನ್ನು ತಬ್ಬಿಕೊಂಡು ಹೋದರು.

ಗೆದ್ದವನ ನಡಿಗೆಯಲ್ಲಿ ಮನೆಯೊಳಗೆ ಬಂದೆ. ಕುಲ್ಯಾಶ್ ನನಗೆ ಬೆನ್ನುಹಾಕಿ ಫೋನಿನಲ್ಲಿ ಮಾತಾಡುತ್ತಿದ್ದಳು.

"ಮೊಲ್ದಿರ್, ಕುಮಿಸಿಂದೇನೂ ಚಿಂತೆ ಇಲ್ಲ ಕಣೇ, ನಿಮ್ಮ ಮಾವ ಎರಡು ಬಟ್ಟಲು ಕುಡಿದ್ರು. ಬೇರೆ ವಿಷಯ ಇದೆ. ನಿಮ್ಮಪ್ಪನ ಯಂತ್ರ ನಿಮ್ಮನೆಗೆ ಬರ್ತಾ ಇದೆ... ಅಳಬೇಡ, ನಾನು ಹೇಳೋದು ಕೇಳು. ನಿಮ್ಮ ಮಾವನಿಗೆ ಅಕ್ಕತಂಗಿಯರು ಇದಾರಾ? ಅವರಿಗೆ ಗಂಡುಮಕ್ಕಳು? ಸರಿ, ಅದರಲ್ಲಿ ದೊಡ್ಡವನಿಗೆ ಇವತ್ತೇ ಫೋನ್ ಮಾಡಿ ಊಟಕ್ಕೆ ಕರಿ. ಬಂದು ಅದನ್ನೇ ಕೇಳಬೇಕು ಅಂತ ಚೆನ್ನಾಗಿ ಹೇಳಿಕೊಡು. ಮಧ್ಯೆ ಕುದುರೆಮರಿ ಕೊಡ್ತೀನಿ ಅಂತಾರೆ, ಆಗ ಮಾತ್ರ ಹುಷಾರಾಗಿರಬೇಕು. ನಮ್ಮ ಜೋಲ್ದಿಬಾಯ್ ಇನ್ನೇನು ಒಪ್ಪಿಬಿಡ್ತಿದ್ದ!"

ಅವಳು ಫೋನ್ ಇಟ್ಟು ತಿರುಗಿದಳು. ನಾನು ಬಾಗಿಲಲ್ಲಿ ನಿಂತಿದ್ದೆ.

"ಪೀಪಾಯಿಗೆ ಈಗ ತಾನೇ ಹಾಲು ಸುರಿದಿದೀನಿ" ಎಂದಳು.

ನಾನು ಅಂಗಿಯ ತೋಳು ಮಡಚಿಕೊಂಡು ಹೊರಗೆ ಹೋದೆ. ಅವಳು ಎರಡು ಬಟ್ಟಲು ಚಹಾ ಹಿಡಿದು ಹಿಂದೆಯೇ ಬಂದಳು.